ಘಟ್ಟ ಹತ್ತುತ್ತಾ ಗಾಳಿ ಅಳೆಯುವುದು: ಕುಮಟಾದಿಂದ ಶಿರಸಿಗೆ ಒಂದು ಫೋನು, ಒಂದು ಸ್ಟೀಲ್ ಬಾಟಲಿ

ಶಿರಸಿಯಲ್ಲಿ ಕೂತು ಫೋನಿನ ಹವಾಮಾನ ಆ್ಯಪ್ ತೆರೆದರೆ ಗಾಳಿಯ ಒತ್ತಡ 1010 ಮಿಲಿಬಾರ್ ಅಂತ ತೋರಿಸುತ್ತದೆ. ಅದೇ ಫೋನಿನ ಒಳಗಿರುವ ಸೆನ್ಸರ್ 944 ಅನ್ನುತ್ತದೆ. ಹಾಗಂತ ಫೋನನ್ನು ರಿಪೇರಿಗೆ ಕೊಡಬೇಡಿ. ಎರಡೂ ಸರಿಯೇ. ಸೆನ್ಸರ್ ಹೇಳುವುದು ನೀವು ಕೂತ ಜಾಗದ ನಿಜವಾದ ಒತ್ತಡ. ಹವಾಮಾನದವರು ಹೇಳುವುದು, ಶಿರಸಿ ಸಮುದ್ರಮಟ್ಟದಲ್ಲಿ ಇದ್ದಿದ್ದರೆ ಎಷ್ಟಿರುತ್ತಿತ್ತು ಎಂಬ ಲೆಕ್ಕ. ಹಾಗೆ ಮಾಡದಿದ್ದರೆ ನಕ್ಷೆಯಲ್ಲಿ ಘಟ್ಟದ ಮೇಲಿನ ಊರುಗಳಲ್ಲೆಲ್ಲ ವರ್ಷಪೂರ್ತಿ ವಾಯುಭಾರ ಕುಸಿತ ಇದ್ದಂತೆ ಕಾಣುತ್ತಿತ್ತು!

ಆ 66 ಮಿಲಿಬಾರ್ ಎಲ್ಲಿ ಹೋಯಿತು ಅಂತ ಪುಸ್ತಕದಲ್ಲಿ ಓದುವುದಕ್ಕಿಂತ ದಾರಿಯಲ್ಲಿ ನೋಡುವುದು ಚೆಂದ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಅದು ಸುಲಭ ಕೂಡ. ಸಮುದ್ರದ ದಂಡೆಯಿಂದ ಹೊರಟು ಒಂದೂವರೆ ಎರಡು ತಾಸಿನಲ್ಲಿ ಸುಮಾರು 590 ಮೀಟರ್ ಎತ್ತರದ ಊರಲ್ಲಿ ಇಳಿಯಬಹುದು. ಕುಮಟಾ–ಶಿರಸಿ ದಾರಿ ಸುಮಾರು 60 ಕಿ.ಮೀ. ಹತ್ತುವಾಗ ಫೋನಿನಿಂದ ಒತ್ತಡ ಅಳೆಯೋಣ. ಇಳಿಯುವಾಗ ಬಾಟಲಿಯಿಂದ ಸಾಂದ್ರತೆ, ಅಂದರೆ ಒಂದು ಘನ ಮೀಟರ್ ಜಾಗದಲ್ಲಿ ಎಷ್ಟು ಕಿಲೋ ಗಾಳಿ ಇದೆ ಅನ್ನುವುದನ್ನು ಅಳೆಯೋಣ. ಇವೆರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಒತ್ತಡವನ್ನು ನಿರ್ಧರಿಸುವುದು ಬಹುಮಟ್ಟಿಗೆ ಎತ್ತರ. ಸಾಂದ್ರತೆಗೆ ಎತ್ತರದ ಜೊತೆ ಬಿಸಿಲೂ ಲೆಕ್ಕ.

ಫೋನಿನಲ್ಲಿ ಬ್ಯಾರೋಮೀಟರ್ ಇದೆಯಾ?

ಬ್ಯಾರೋಮೀಟರ್ ಅಂದರೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಎಲ್ಲ ಫೋನಿನಲ್ಲೂ ಇರುವುದಿಲ್ಲ. ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಇಲ್ಲ. ಐಫೋನ್‌ನಲ್ಲಿ 6ನೇ ಮಾದರಿಯಿಂದ ಬಂದಿದೆ. ಆಂಡ್ರಾಯ್ಡ್‌ನಲ್ಲಿ ದುಬಾರಿ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಪತ್ತೆಹಚ್ಚಲು 'ಫೈಫಾಕ್ಸ್' ಆ್ಯಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಪ್ರೆಶರ್ ಅಂತ ಒಂದು ಸಾಲಿದೆ. ಸಾಲು ಮಸುಕಾಗಿ ಕಂಡರೆ ನಿಮ್ಮ ಫೋನಿನಲ್ಲಿ ಸೆನ್ಸರ್ ಇಲ್ಲ ಅಂತ ಅರ್ಥ.

ಪ್ಲೇ ಸ್ಟೋರಿನಲ್ಲಿ ಬ್ಯಾರೋಮೀಟರ್ ಹೆಸರಿನ ಆ್ಯಪ್‌ಗಳು ಬೇಕಾದಷ್ಟಿವೆ. ಎಚ್ಚರ. ಕೆಲವು ಸೆನ್ಸರ್ ಇಲ್ಲದಿದ್ದರೂ ಇಂಟರ್ನೆಟ್‌ನಿಂದ ಸಂಖ್ಯೆ ತಂದು ತೋರಿಸುತ್ತವೆ. ಅವನ್ನು ಹಿಡಿಯುವುದು ಸುಲಭ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅಂಗಳದಿಂದ ತಾರಸಿಗೆ ಹತ್ತಿ. ಒಂದು ಮಹಡಿಗೆ, ಅಂದರೆ ಸುಮಾರು 3 ಮೀಟರಿಗೆ, ಸಂಖ್ಯೆ ಮೂರನೇ ಒಂದರಷ್ಟು ಮಿಲಿಬಾರ್ ಇಳಿಯಬೇಕು. 1009.80 ಇದ್ದದ್ದು 1009.46ರ ಹತ್ತಿರ ಬರಬೇಕು. ಇಳಿಯಲೇ ಇಲ್ಲವೆಂದರೆ ಅದು ಬರೀ ಇಂಟರ್ನೆಟ್ ಸಂಖ್ಯೆ. ಆ್ಯಪ್‌ನಲ್ಲಿ ಹೆಕ್ಟೋಪಾಸ್ಕಲ್ ಅಂತ ಇದ್ದರೆ ಗಾಬರಿ ಬೇಡ, ಅದೂ ಮಿಲಿಬಾರೂ ಒಂದೇ ಅಳತೆ.

ಇದನ್ನು ಮಾಡುವಾಗ ಒಂದು ತಮಾಷೆ ನೋಡಿ. ಕಿಟಕಿ ಎಲ್ಲ ಮುಚ್ಚಿದ ಕೋಣೆಯಲ್ಲಿ ಫೋನನ್ನು ಮೇಜಿನ ಮೇಲಿಟ್ಟು ಬಾಗಿಲನ್ನು ಜೋರಾಗಿ ಹಾಕಿ. ಆ್ಯಪ್‌ನ ಗೆರೆ ಅದೇ ಕ್ಷಣಕ್ಕೆ ಚೂಪಾಗಿ ಎದ್ದೋ ಕುಸಿದೋ ಮತ್ತೆ ಸಮವಾಗುತ್ತದೆ. ಸೆನ್ಸರ್ ಅಷ್ಟು ಸೂಕ್ಷ್ಮ. ಇಂಥ ಸೆನ್ಸರ್‌ಗಳು ಒಟ್ಟು ಸಂಖ್ಯೆಯಲ್ಲಿ ಒಂದು ಮಿಲಿಬಾರ್ ಆಚೀಚೆ ಇರಬಹುದು. ಆದರೆ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದನ್ನು ಚೆನ್ನಾಗಿಯೇ ಹೇಳುತ್ತವೆ. ನಮಗೆ ಬೇಕಾದ್ದೂ ಅದೇ.

ಹೊರಡುವ ಹೊತ್ತು ಮುಖ್ಯ

ಇದು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದ ವಿಷಯ. ಸಮುದ್ರಕ್ಕೆ ಭರತ ಇಳಿತ ಇದ್ದಂತೆ ಗಾಳಿಯ ಒತ್ತಡಕ್ಕೂ ದಿನಾ ಎರಡು ಏರಿಳಿತ ಇದೆ. ಇದಕ್ಕೆ ಮುಖ್ಯ ಕಾರಣ ಚಂದ್ರ ಅಲ್ಲ, ಬಿಸಿಲು ವಾತಾವರಣವನ್ನು ಕಾಯಿಸುವ ಬಗೆ. ಬೆಳಿಗ್ಗೆ 10ರ ಸುಮಾರಿಗೆ ಮತ್ತು ರಾತ್ರಿ 10ರ ಸುಮಾರಿಗೆ ಒತ್ತಡ ಹೆಚ್ಚು. ಮಧ್ಯಾಹ್ನ 4ಕ್ಕೆ ಮತ್ತು ಬೆಳಗಿನ ಜಾವ 4ಕ್ಕೆ ಕಡಿಮೆ. ನಮ್ಮ ಕಡೆ ಬೆಳಿಗ್ಗೆ 10ಕ್ಕೂ ಮಧ್ಯಾಹ್ನ 4ಕ್ಕೂ ಸುಮಾರು 3 ಮಿಲಿಬಾರ್ ವ್ಯತ್ಯಾಸ ಬೀಳುತ್ತದೆ. ಎತ್ತರದ ಲೆಕ್ಕದಲ್ಲಿ ಅದು 25 ಮೀಟರಿಗೂ ಜಾಸ್ತಿ! ಬೆಳಿಗ್ಗೆ ವನ್ನಳ್ಳಿ ಕಡಲತೀರದಲ್ಲಿ ಸೊನ್ನೆ ಅಂತ ಗುರುತು ಹಾಕಿಕೊಂಡು ಹೋಗಿ ಸಂಜೆ ಅದೇ ಮರಳಿಗೆ ವಾಪಸ್ ಬಂದರೆ, ಫೋನಿನ ಪ್ರಕಾರ ನೀವು ಎಂಟು ಮಹಡಿ ಮೇಲೆ ನಿಂತಿರುತ್ತೀರಿ.

ಹಾಗಾಗಿ 9 ಗಂಟೆಗೆ ಹೊರಟು 11ರೊಳಗೆ ಶಿರಸಿ ಮುಟ್ಟುವಂತೆ ಇಟ್ಟುಕೊಳ್ಳಿ. ಏರಿಳಿತದ ತುದಿಯ ಹೊತ್ತು ಅದು, ಒತ್ತಡ ಹೆಚ್ಚು ಅಲುಗಾಡುವುದಿಲ್ಲ.

ಇನ್ನೂ ಒಳ್ಳೆಯ ಉಪಾಯ ಎರಡನೇ ಫೋನು. ಸೆನ್ಸರ್ ಇರುವ ಇನ್ನೊಂದು ಫೋನು ಮನೆಯಲ್ಲಿದ್ದರೆ ತಂಗಿಗೋ ತಮ್ಮನಿಗೋ ಕೊಟ್ಟು, ಪ್ರತಿ ಅರ್ಧ ತಾಸಿಗೆ ಸಂಖ್ಯೆ ಬರೆದಿಡು ಅನ್ನಿ. ಹೊರಡುವ ಮೊದಲು ಎರಡೂ ಫೋನನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬರೆದುಕೊಂಡಿರಬೇಕು. ಇದೇನೂ ಹೊಸ ಉಪಾಯ ಅಲ್ಲ. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನಲ್ಲಿ ವಿಜ್ಞಾನಿ ಪಾಸ್ಕಲ್‌ನ ಭಾವ ಫ್ಲೋರಾಂ ಪೆರಿಯೆ ಗಾಳಿಯ ಒತ್ತಡ ಅಳೆಯುವ ಪಾದರಸದ ಕೊಳವೆ ಹಿಡಿದು ಪ್ವಿ ದ ದೋಮ್ ಬೆಟ್ಟ ಹತ್ತಿದ. ಹತ್ತುವ ಮುಂಚೆ ಅಂಥದೇ ಇನ್ನೊಂದು ಕೊಳವೆಯನ್ನು ಕೆಳಗೆ ಮಠದಲ್ಲಿ ನಿಲ್ಲಿಸಿ, ದಿನವಿಡೀ ನೋಡುತ್ತಿರಲು ಒಬ್ಬರನ್ನು ಕೂರಿಸಿದ. ಸುಮಾರು ಸಾವಿರ ಮೀಟರ್ ಮೇಲೆ ಪಾದರಸ 8 ಸೆಂ.ಮೀ.ಗಿಂತ ಹೆಚ್ಚು ಇಳಿಯಿತು. ಕೆಳಗಿನದು ಅಲುಗಾಡಲಿಲ್ಲ. ನನ್ನ ಕೇಳಿದರೆ ಆ ಪ್ರಯೋಗದ ಜಾಣತನ ಇರುವುದು ಬೆಟ್ಟ ಹತ್ತಿದ್ದರಲ್ಲಿ ಅಲ್ಲ, ಕೆಳಗೆ ಒಬ್ಬರನ್ನು ಕೂರಿಸಿದ್ದರಲ್ಲಿ. ಆ ಕಾವಲು ಇರದಿದ್ದರೆ "ಹವೆ ಬದಲಾಗಿರಬೇಕು ಬಿಡು" ಅಂತ ಯಾರು ಬೇಕಾದರೂ ಹೇಳಬಹುದಿತ್ತು.

ದಾರಿಯಲ್ಲಿ

ಸಮುದ್ರದ ದಂಡೆಯಲ್ಲಿ ಐದು ನಿಮಿಷ ನಿಂತು ಮೊದಲ ಸಂಖ್ಯೆ ಬರೆದುಕೊಳ್ಳಿ. ಪಕ್ಕದಲ್ಲಿ ಹೊತ್ತು ಮತ್ತು ನೆರಳಿನ ಉಷ್ಣಾಂಶವನ್ನೂ ಬರೆಯಿರಿ. ಥರ್ಮಾಮೀಟರ್ ಇಲ್ಲದಿದ್ದರೆ ಹವಾಮಾನ ಆ್ಯಪ್‌ನ ಉಷ್ಣಾಂಶ ಸಾಕು. ಕಾರವಾರ ಮತ್ತು ಹೊನ್ನಾವರದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯ ಇದೆ. ಅವರ ಆ ಹೊತ್ತಿನ ಸಂಖ್ಯೆ ಸಿಕ್ಕರೆ ನಿಮ್ಮ ಫೋನು ಎಷ್ಟು ಆಚೀಚೆ ಇದೆ ಅಂತಲೂ ಗೊತ್ತಾಗುತ್ತದೆ.

ಆಮೇಲೆ ಕತಗಾಲದಲ್ಲಿ ಒಮ್ಮೆ, ದೇವಿಮನೆ ದೇವಸ್ಥಾನದ ಹತ್ತಿರ ಒಮ್ಮೆ, ರಾಗಿಹೊಸಳ್ಳಿಯಲ್ಲಿ ಒಮ್ಮೆ, ಕೊನೆಗೆ ಶಿರಸಿಯಲ್ಲಿ. ಗಾಡಿ ನಿಂತಾಗ ಮಾತ್ರ ಓದಿ. ಓಡುವ ಗಾಡಿಯ ಕಿಟಕಿ ತೆರೆದಿದ್ದರೆ ಒಳಗಿನ ಒತ್ತಡ ಬದಲಾಗುತ್ತದೆ. 60 ಕಿ.ಮೀ. ವೇಗದಲ್ಲಿ ಅದು ಒಂದು ಮಿಲಿಬಾರ್ ತನಕವೂ ಹೋಗಬಹುದು. ಅಷ್ಟಕ್ಕೇ ಸುಮಾರು 9 ಮೀಟರ್ ತಪ್ಪು. ಬಸ್ಸಿನಲ್ಲಿ ಹೋಗುವವರು ಸ್ಟಾಪಿನಲ್ಲಿ ಹತ್ತಿಳಿಯುವ ಗಲಾಟೆ ಮುಗಿಯುವುದರೊಳಗೆ ಓದಿಕೊಳ್ಳಬೇಕು. ಫೋನು ಬಿಸಿಲಿಗೆ ಕಾದು ಸುಡುತ್ತಿದ್ದರೆ ಸಂಖ್ಯೆ ನಂಬಬೇಡಿ. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುವುದುಂಟು, ವಿಚಾರಿಸಿಕೊಂಡೇ ಹೊರಡಿ.

ಕುಮಟಾದಿಂದ ಕತಗಾಲದವರೆಗೆ ಸಂಖ್ಯೆ ಅಷ್ಟೇನೂ ಇಳಿಯುವುದಿಲ್ಲ. ದಾರಿ ಸಪಾಟು. ಘಟ್ಟದ ತಿರುವುಗಳು ಶುರುವಾದ ಮೇಲೆ ನೋಡಿ, ಪ್ರತಿ ತಿರುವಿಗೂ ಮಿಲಿಬಾರ್‌ಗಳು ಉದುರುತ್ತವೆ. ಕಿವಿ ಪಟ್ ಅನ್ನುವುದೂ ಅಲ್ಲೇ. ಕಿವಿತಮಟೆಯ ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಒತ್ತಡ ಹೊಂದದೆ ಆಗುವ ಸದ್ದು ಅದು. ಹತ್ತುವಾಗ ಒಳಗಿನ ಗಾಳಿ ತಾನಾಗಿ ಹೊರಬೀಳುತ್ತದೆ. ಇಳಿಯುವಾಗ ಒಳಗೆ ಹೋಗಲು ಕಷ್ಟ, ಶೀತ ಆಗಿದ್ದರಂತೂ ಹೇಳುವುದೇ ಬೇಡ. ಉಗುಳು ನುಂಗಿ, ಆಕಳಿಸಿ. ಕೈಕೂಸು ಇದ್ದರೆ ಇಳಿಯುವಾಗ ಹಾಲು ಕುಡಿಸಿ.

ಫೋನಿನ ಜಿಪಿಎಸ್ ಎತ್ತರದ ಜೊತೆ ಹೋಲಿಸುವವರಿಗೆ ಒಂದು ಮಾತು. ಕೆಲವು ಆ್ಯಪ್‌ಗಳು ಕಡಲತೀರದಲ್ಲೇ ಮೈನಸ್ ಹತ್ತಾರು ಮೀಟರ್ ತೋರಿಸುತ್ತವೆ. ಜಿಪಿಎಸ್ ಅಳೆಯುವುದು ಭೂಮಿಯ ಒಂದು ಲೆಕ್ಕದ ಆಕಾರದಿಂದ. ನಮ್ಮ ಭಾಗದಲ್ಲಿ ನಿಜವಾದ ಸಮುದ್ರಮಟ್ಟ ಆ ಆಕಾರಕ್ಕಿಂತ ಕೆಳಗಿದೆ. ತಿದ್ದುಪಡಿ ಮಾಡುವ ಆ್ಯಪ್ ಆದರೆ ಸರಿ ಬರುತ್ತದೆ.

ಲೆಕ್ಕ

ಉದಾಹರಣೆಗೆ ಕಡಲತೀರದಲ್ಲಿ 1010, ಶಿರಸಿಯಲ್ಲಿ 944.5 ಸಿಕ್ಕಿತು ಅಂತಿಟ್ಟುಕೊಳ್ಳಿ. ವ್ಯತ್ಯಾಸ 65.5.

ಸುಮ್ನೆ ಅಂದಾಜಿಗೆ: ನಮ್ಮ ಕರಾವಳಿಯ ಬೆಚ್ಚಗಿನ ಗಾಳಿಯಲ್ಲಿ ಒಂದು ಮಿಲಿಬಾರ್ ಇಳಿಯಬೇಕಾದರೆ ಸುಮಾರು 8.8 ಮೀಟರ್ ಹತ್ತಬೇಕು. 65.5ನ್ನು 8.8ರಿಂದ ಗುಣಿಸಿದರೆ 576 ಮೀಟರ್. ನಿಜಕ್ಕಿಂತ ಕಡಿಮೆ ಬಂತು, ಅಲ್ವಾ? ಯಾಕೆಂದರೆ 8.8 ಎನ್ನುವುದು ಕೆಳಗಿನ ಗಾಳಿಯ ಸಂಖ್ಯೆ. ಶಿರಸಿಯಲ್ಲಿ ಒಂದು ಮಿಲಿಬಾರ್‌ಗೆ 9.3 ಮೀಟರ್ ಬೇಕು.

ತೋಟಕ್ಕೆ ಅಂತ ಒಟ್ಟು ಮಾಡಿದ ದರಕಿನ ರಾಶಿ ನೋಡಿದ್ದೀರಲ್ಲ. ಅಡಿಯ ಎಲೆಗಳು ಮೇಲಿನ ಭಾರಕ್ಕೆ ಒತ್ತಿ ಕೂತಿರುತ್ತವೆ, ಮೇಲಿನವು ಸಡಿಲ. ಗಾಳಿಯೂ ಹಾಗೆಯೇ. ನಮ್ಮ ತಲೆಯ ಮೇಲಿರುವ ಗಾಳಿಯ ಭಾರವೇ ಒತ್ತಡ. ಸಮುದ್ರಮಟ್ಟದಲ್ಲಿ ಅದು ಒಂದು ಚದರ ಸೆಂ.ಮೀ.ಗೆ ಸುಮಾರು ಒಂದು ಕಿಲೋ. ಮೇಲೆ ಹೋದಂತೆ ತಲೆಯ ಮೇಲಿನ ಗಾಳಿ ಕಡಿಮೆ, ಒತ್ತಡ ಕಡಿಮೆ. ಒತ್ತಡ ಕಡಿಮೆಯಾದಂತೆ ಗಾಳಿ ಸಡಿಲ. ಗಾಳಿ ಸಡಿಲವಾದಂತೆ ಮುಂದಿನ ಒಂದು ಮಿಲಿಬಾರ್ ಇಳಿಸಲು ಇನ್ನಷ್ಟು ಹತ್ತಬೇಕು. ಹಾಗಾಗಿ ಗ್ರಾಫ್ ಹಾಕಿದರೆ ನೇರ ಗೆರೆ ಬರದೆ, ಮೇಲೆ ಹೋದಂತೆ ಚಪ್ಪಟೆಯಾಗುವ ಬಾಗು ಗೆರೆ ಬರುತ್ತದೆ. ಸುಮಾರು 5,500 ಮೀಟರ್‌ನಲ್ಲಿ ಒತ್ತಡ ಅರ್ಧ. ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಸುಮಾರು 800 ಮಿಲಿಬಾರ್.

ಸರಿಯಾದ ಲೆಕ್ಕಕ್ಕೆ ಲಾಗರಿದಮ್ ಬೇಕು ಅನ್ನುತ್ತಾರೆ. ಶಿರಸಿಯಷ್ಟು ಎತ್ತರಕ್ಕೆ ಅದಿಲ್ಲದೆಯೂ ನಡೆಯುತ್ತದೆ. ಎರಡು ಒತ್ತಡಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯಿಂದ ಭಾಗಿಸಿ. 65.5 ಭಾಗಿಸು 977.25, ಅಂದರೆ 0.067. ಎರಡು ಊರಿನ ಸರಾಸರಿ ಉಷ್ಣಾಂಶಕ್ಕೆ 273 ಕೂಡಿಸಿ. 27 ಡಿಗ್ರಿ ಆದರೆ 300. ಈಗ 29.3 × 300 × 0.067 = 589 ಮೀಟರ್. (29.3 ಎನ್ನುವುದು ಗಾಳಿಗೆ ಹೊಂದುವ ಸ್ಥಿರ ಸಂಖ್ಯೆ.) ಗಾಳಿ ತುಂಬಾ ಹಸಿಯಾಗಿದ್ದ ದಿನ 300ರ ಬದಲು 303 ಹಾಕಿ, ಆರೇಳು ಮೀಟರ್ ಹೆಚ್ಚು ಬರುತ್ತದೆ. ಹಸಿ ಗಾಳಿ ಭಾರ ಅಂತ ನಮಗೆ ಅನಿಸುತ್ತದೆ, ಮೈಗೆ ಅಂಟುತ್ತದಲ್ಲ. ವಾಸ್ತವದಲ್ಲಿ ಅದು ಒಣ ಗಾಳಿಗಿಂತ ಹಗುರ. ನೀರಿನ ಕಣ ನೈಟ್ರೋಜನ್, ಆಕ್ಸಿಜನ್ ಕಣಗಳಿಗಿಂತ ಹಗುರವಾದ್ದು. ಕಾರವಾರದ ಒಂದು ಬೆವರಿಳಿಯುವ ದಿನ ಈ ಕಾರಣಕ್ಕೇ ಗಾಳಿ ನೂರಕ್ಕೆ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹಗುರವಾಗಿರುತ್ತದೆ.

ಶಿರಸಿ ಊರೂ ಸಪಾಟಲ್ಲ. ಕೋಟೆಕೆರೆ ದಂಡೆಯಲ್ಲಿ ಓದಿದ್ದಕ್ಕೂ ಯಾವುದೋ ಗುಡ್ಡದ ಮೇಲಿನ ಮನೆಯಲ್ಲಿ ಓದಿದ್ದಕ್ಕೂ ಒಂದೆರಡು ಮಿಲಿಬಾರ್ ವ್ಯತ್ಯಾಸ ಬಂದರೆ ಅದು ತಪ್ಪಲ್ಲ.

ಬಾಟಲಿಯ ಕೆಲಸ

ಈಗ ಸಾಂದ್ರತೆ. ಇದನ್ನು ಅಳೆಯುವ ಸೆನ್ಸರ್ ಫೋನಿನಲ್ಲಿಲ್ಲ. ಆದರೆ ಒಂದು ಲೀಟರಿನ ಸ್ಟೀಲ್ ನೀರಿನ ಬಾಟಲಿ ಸಾಕು. ಮುಚ್ಚಳದೊಳಗೆ ರಬ್ಬರ್ ರಿಂಗ್ ಇರಬೇಕು, ಗಟ್ಟಿಯಾಗಿ ಕೂರಬೇಕು. ಪ್ಲಾಸ್ಟಿಕ್ ಬಾಟಲಿ ಇಳಿಯುವಾಗ ಹೊಟ್ಟೆ ಒಳಗೆಳೆದುಕೊಳ್ಳುವುದನ್ನು ನೋಡಲು ಚೆಂದ, ಮಕ್ಕಳಿಗೆ ಅದನ್ನೇ ಕೊಡಿ. ಅಳೆಯಲು ಸ್ಟೀಲೇ ವಾಸಿ.

ಹಿಂದಿನ ದಿನವೇ ಬಾಟಲಿಯ ಕಂಠದವರೆಗೆ ನೀರು ತುಂಬಿ, ಒಟ್ಟು ಎಷ್ಟು ಹಿಡಿಯುತ್ತದೆ ಅಂತ ಅಳೆದಿಟ್ಟುಕೊಳ್ಳಿ. ಒಂದು ಲೀಟರ್ ಅಂತ ಬರೆದಿದ್ದರೂ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ. ಆಮೇಲೆ ಪೂರ್ತಿ ಒಣಗಿಸಿ. ಶಿರಸಿಯಲ್ಲಿ ನೆರಳಿನಲ್ಲಿ ಕಾಲು ತಾಸು ಬಾಯಿ ತೆರೆದಿಡಿ. ಅಲ್ಲಿನ ಉಷ್ಣಾಂಶ ಬರೆದುಕೊಂಡು, ಬಾಟಲಿಯನ್ನು ಅಂಗೈಯಲ್ಲಿ ತಬ್ಬಿ ಹಿಡಿಯದೆ ಮುಚ್ಚಳ ತಿರುಗಿಸಿ. ನಿಮ್ಮ ಕೈಯ ಬಿಸಿಯೂ ಒಳಗಿನ ಗಾಳಿಯನ್ನು ಹಿಗ್ಗಿಸಿ ಹೊರಹಾಕುತ್ತದೆ. ಇನ್ನು ಕೆಳಗೆ ಬರುವವರೆಗೆ ಯಾರೂ ಮುಚ್ಚಳ ತೆಗೆಯಬಾರದು.

ಕುಮಟಾದ ಮನೆಯಲ್ಲಿ ಒಂದು ಬಕೆಟ್ ನೀರು ಮೊದಲೇ ತುಂಬಿಟ್ಟಿರಬೇಕು. ಆಗತಾನೆ ಸೇದಿದ ಬಾವಿ ನೀರು ತಣ್ಣಗಿರುತ್ತದೆ, ಅದು ಬೇಡ. ಕೋಣೆಯ ಗಾಳಿಯಷ್ಟೇ ಬೆಚ್ಚಗಾಗಲಿ. ಬಾಟಲಿಯನ್ನು ತಲೆಕೆಳಗಾಗಿ ಪೂರ್ತಿ ಮುಳುಗಿಸಿ ಹತ್ತು ನಿಮಿಷ ಬಿಡಿ. ಆಮೇಲೆ ನೀರಿನೊಳಗೇ ಮುಚ್ಚಳ ನಿಧಾನ ತಿರುಗಿಸಿ. ಒಂದು ಸುತ್ತು ಸಡಿಲವಾಗುತ್ತಿದ್ದಂತೆ ಬಾಟಲಿ ನೀರನ್ನು ಸರ್ರನೆ ಒಳಗೆಳೆದುಕೊಳ್ಳುತ್ತದೆ. ಹಿಡಿದ ಬೆರಳಿಗೆ ಅದರ ಎಳೆತ ಗೊತ್ತಾಗುತ್ತದೆ. ಗುಳ್ಳೆ ಹೊರಬಂದರೆ ಮುಚ್ಚಳ ಸರಿ ಕೂತಿರಲಿಲ್ಲ ಅಂತ ಅರ್ಥ, ಆ ಸಲದ್ದು ಬಿಟ್ಟುಬಿಡಿ. ಬಾಟಲಿಯನ್ನು ಮೇಲಕ್ಕೆತ್ತಿ ಒಳಗಿನ ನೀರಿನ ಮಟ್ಟವೂ ಬಕೆಟ್ಟಿನ ಮಟ್ಟವೂ ಅಂದಾಜು ಒಂದಾಗುವಂತೆ ಹಿಡಿದು, ಬಾಯಿ ನೀರಿನೊಳಗೆ ಇರುವಾಗಲೇ ಮುಚ್ಚಳ ಹಾಕಿ ತೆಗೆಯಿರಿ. ಒಳಗೆ ಸೇರಿದ ನೀರನ್ನು ಔಷಧಿ ಅಳೆಯುವ ಮುಚ್ಚಳದಿಂದಲೋ ಸಿರಿಂಜಿನಿಂದಲೋ ಅಳೆಯಿರಿ.

ಶಿರಸಿಯಲ್ಲಿ 25 ಡಿಗ್ರಿ, ಕುಮಟಾದಲ್ಲಿ 30 ಡಿಗ್ರಿ ಇದ್ದರೆ ಒಂದು ಲೀಟರಿಗೆ ಸುಮಾರು 50 ಎಂಎಲ್ ನೀರು ಸೇರಿರಬೇಕು. ಆ ನೀರೇ ಉತ್ತರ. ಶಿರಸಿಯ ಒಂದು ಲೀಟರ್ ಗಾಳಿ ಕುಮಟಾಕ್ಕೆ ಬಂದು 950 ಎಂಎಲ್ ಆಯಿತು. ಅಂದರೆ ಶಿರಸಿಯ ಗಾಳಿ ನೂರಕ್ಕೆ 5 ಭಾಗ ತೆಳು.

ಒತ್ತಡ ಇಳಿದದ್ದು ನೂರಕ್ಕೆ ಆರೂವರೆ, ಸಾಂದ್ರತೆ ಇಳಿದದ್ದು 5 ಮಾತ್ರ. ಮಿಕ್ಕ ಒಂದೂವರೆ ಶಿರಸಿಯ ತಂಪು ತುಂಬಿಕೊಟ್ಟಿತು. ತಂಪು ಗಾಳಿ ಒತ್ತಾಗಿರುತ್ತದೆ. ಡಿಸೆಂಬರಿನ ಬೆಳಿಗ್ಗೆ ಶಿರಸಿಯಲ್ಲಿ 20 ಡಿಗ್ರಿ ಇರುವಾಗ ಮುಚ್ಚಿದ ಬಾಟಲಿ ಅದೇ 30 ಡಿಗ್ರಿಯ ಬಕೆಟ್ಟಿನಲ್ಲಿ 33 ಎಂಎಲ್ ಅಷ್ಟೇ ಎಳೆದುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಮೇಲೆ 34, ಕೆಳಗೆ 32 ಡಿಗ್ರಿ ಇದ್ದರೆ 70 ಎಂಎಲ್. ಊರು ಅದೇ, ಎತ್ತರ ಅದೇ, ಫೋನಿನ ಸಂಖ್ಯೆಯೂ ಹೆಚ್ಚುಕಡಿಮೆ ಅದೇ. ಬಾಟಲಿಗೆ ಮಾತ್ರ ಡಿಸೆಂಬರೂ ಏಪ್ರಿಲ್ಲೂ ಒಂದೇ ಅಲ್ಲ.

ಕಿಲೋ ಲೆಕ್ಕ ಬೇಕಾದರೆ, ಒತ್ತಡವನ್ನು 0.348ರಿಂದ ಗುಣಿಸಿ, ಉಷ್ಣಾಂಶಕ್ಕೆ 273 ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. ಕುಮಟಾಕ್ಕೆ ಘನ ಮೀಟರಿಗೆ 1.16 ಕಿಲೋ, ಶಿರಸಿಗೆ 1.10 ಕಿಲೋ ಬರುತ್ತದೆ. ಪುಸ್ತಕಗಳಲ್ಲಿ ಇರುವ 1.225 ಎನ್ನುವುದು 15 ಡಿಗ್ರಿಯ ಗಾಳಿಯದ್ದು, ನಮ್ಮ ಕರಾವಳಿಯಲ್ಲಿ ಆ ಚಳಿ ಕಾಣುವುದೇ ಅಪರೂಪ.

ಇದರಿಂದ ಏನು ಬದಲಾಗುತ್ತದೆ

ಅಡುಗೆಯಲ್ಲಿ ಹೆಚ್ಚೇನಿಲ್ಲ. ಶಿರಸಿಯಲ್ಲಿ ನೀರು 98 ಡಿಗ್ರಿಗೆ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅನ್ನ ಬೇಯಲು ತುಸು ಹೊತ್ತು ಹೆಚ್ಚು ಹಿಡಿಯಬಹುದು, ಕುಕ್ಕರಿನಲ್ಲಿ ಅದೂ ಗೊತ್ತಾಗುವುದಿಲ್ಲ.

ಟಯರ್ ವಿಷಯ ಸ್ವಲ್ಪ ತಮಾಷೆಯದ್ದು. ಕುಮಟಾದಲ್ಲಿ 32 ಹೊಡೆಸಿದ ಗಾಳಿ ಶಿರಸಿಯಲ್ಲಿ ಎತ್ತರದ ದೆಸೆಯಿಂದ 33 ಆಗಬೇಕು. ಆದರೆ ಗಾಡಿ ನಿಂತು ಟಯರ್ ತಣಿದರೆ 5 ಡಿಗ್ರಿ ತಂಪಿಗೆ ಮುಕ್ಕಾಲು ಪಾಲು ವಾಪಸ್ ಇಳಿಯುತ್ತದೆ. ಲೆಕ್ಕ ಹತ್ತಿರ ಹತ್ತಿರ ಸರಿಹೋಯಿತು, ಗಾಳಿ ಬಿಡಬೇಡಿ. ಎಂಜಿನ್‌ಗೆ ಮಾತ್ರ ಪ್ರತಿ ಸಲವೂ 5 ಭಾಗ ಕಡಿಮೆ ಗಾಳಿ. ಹೊಸ ಗಾಡಿಗಳು ಅದಕ್ಕೆ ತಕ್ಕಂತೆ ಪೆಟ್ರೋಲ್ ಹೊಂದಿಸಿಕೊಳ್ಳುತ್ತವೆ. ಕಾರ್ಬ್ಯುರೇಟರ್ ಇರುವ ಹಳೇ ಬೈಕಿಗೆ ಆ ಬುದ್ಧಿ ಇಲ್ಲ.

ನಿಜವಾದ ಉಪಯೋಗ ಕರಾವಳಿಯವರಿಗೆ ಇದೆ. ಸೆನ್ಸರ್ ಇರುವ ಹಳೇ ಫೋನನ್ನು ಮನೆಯಲ್ಲಿ ಒಂದೇ ಜಾಗದಲ್ಲಿಟ್ಟರೆ ಎತ್ತರ ಬದಲಾಗುವುದಿಲ್ಲ, ಉಳಿದದ್ದೆಲ್ಲ ಹವೆಯದ್ದು. ದಿನದ ಏರಿಳಿತ ಇರುವುದರಿಂದ ಬೆಳಿಗ್ಗೆಯದನ್ನು ಮಧ್ಯಾಹ್ನದ್ದಕ್ಕೆ ಹೋಲಿಸಬೇಡಿ. ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ನೋಡಿ. ನಮ್ಮ ಕಡೆ ಸಾಮಾನ್ಯವಾಗಿ ಒಂದೆರಡು ಮಿಲಿಬಾರ್‌ಗಿಂತ ಹೆಚ್ಚು ಬದಲಾಗುವುದಿಲ್ಲ. ನಾಲ್ಕೈದು ಇಳಿದಿದ್ದರೆ ಸಮುದ್ರದಲ್ಲಿ ಏನೋ ನಡೆಯುತ್ತಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಹೋದಂಥ ಹೊತ್ತು ಅದು. ಒತ್ತಡ ಒಂದು ಮಿಲಿಬಾರ್ ಇಳಿದರೆ ಸಮುದ್ರ ಸುಮಾರು ಒಂದು ಸೆಂ.ಮೀ. ಉಬ್ಬುತ್ತದೆ, ಅದರ ಮೇಲೆ ಗಾಳಿಯ ದೂಡುವಿಕೆ ಬೇರೆ. ಆದರೆ ಬೋಟು ಇಳಿಸುವುದೋ ಬೇಡವೋ ಎಂಬುದನ್ನು ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿಯೇ ತೀರ್ಮಾನಿಸಿ, ಒಂದು ಫೋನನ್ನು ನಂಬಿ ಅಲ್ಲ.

ಕುಮಟಾ ದಾರಿ ದೂರವಾಗುವವರು ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋಗಿ ಇದನ್ನೇ ಮಾಡಬಹುದು. ಅಲ್ಲಿ 60ರ ಆಸುಪಾಸು ಮಿಲಿಬಾರ್ ಇಳಿಯಬೇಕು. ಹೊನ್ನಾವರದವರಿಗೆ ಜೋಗ ಇದೆ. ಜಲಪಾತದ ಎತ್ತರ 253 ಮೀಟರ್, ನೆತ್ತಿಗೂ ಗುಂಡಿಗೂ 28 ಮಿಲಿಬಾರ್ ಹತ್ತಿರ ವ್ಯತ್ಯಾಸ. ಕೆಳಗೆ ಇಳಿಯಲು ಬಿಡುತ್ತಾರಾ ಅಂತ ಮೊದಲು ಕೇಳಿಕೊಳ್ಳಿ. ಅಲ್ಲಿ ತುಂತುರು ಹಾರುತ್ತಿರುತ್ತದೆ. ಫೋನಿನ ಸಣ್ಣ ರಂಧ್ರದಲ್ಲಿ ನೀರು ಕೂತರೆ ಸಂಖ್ಯೆ ಎರ್ರಾಬಿರ್ರಿ ಆಗುತ್ತದೆ, ಒರೆಸಿ ಒಣಗಿಸಿಯೇ ಓದಿ.